ಒಂಟಿಯನ್ನು ಜೋಡಿ ಮಾಡಿದ್ದು

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ನಾನು ಅಥಣಿ ರಸ್ತೆಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ನಮ್ಮದೇ ಪತ್ರಿಕೆಯ ತಪ್ಪುಗಳಿಗೆ ಪೆನ್ಸಿಲ್‌ನಿಂದ ಗುರುತು ಹಾಕುತ್ತಿದ್ದೆ. ಟಿಕೋಟಾ ಕಡೆಯಿಂದ ಫೋನ್ ಬಂತು. ಆ ಕಡೆಯ ಹೆಣ್ಣುಮಗಳು ನಮಸ್ಕಾರ ಹೇಳಲಿಲ್ಲ, ಚಹಾ ಆಯಿತೇ ಎಂದು ಕೇಳಲಿಲ್ಲ.

“ಸರ, ಮತ್ತ ಜೋಡಿ ಅಂತ ಬರದಾರ,” ಅಂದರು.

ಯಾರು, ಎಲ್ಲಿ, ಏನು ಎಂದು ನಾನು ಕೇಳಬೇಕಾಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ಆಕೆಯ ಕೈಗೆ ಮಣ್ಣಿನಲ್ಲಿ ಚಿನ್ನದ ಒಂದು ಕಿವಿಯ ಒಡವೆ ಸಿಕ್ಕಿತ್ತು. ಕಬ್ಬಿಣ ಬಳಕೆಗೆ ಬರುವುದಕ್ಕೂ ಮೊದಲು ಇಲ್ಲಿದ್ದ ಜನರದು, ಅಂಥದು ಸಿಗುವುದು ತೀರ ಅಪರೂಪ ಎಂದು ಪರಿಣತರು ಹೇಳಿದ್ದರು. ಪರೀಕ್ಷೆಗೆಂದು ಬೆಂಗಳೂರಿಗೆ ಹೋಗಿದ್ದ ಅದನ್ನು ಅಲ್ಲಿಯೇ ಇಟ್ಟುಕೊಳ್ಳಬಾರದು, ಸಿಕ್ಕ ನೆಲದಲ್ಲೇ ಇಡಬೇಕು ಎಂದು ಇಲ್ಲಿನವರು ಹಟ ಹಿಡಿದಿದ್ದರು. ಆ ಹಟ ಗೆದ್ದಿತ್ತು. ಮರುದಿನ ವಿಜಯಪುರದ ಸಣ್ಣ ವಸ್ತುಸಂಗ್ರಹಾಲಯವೊಂದರಲ್ಲಿ ಅದನ್ನು ಜನರ ನೋಟಕ್ಕೆ ಇಡುವವರಿದ್ದರು. ಗಾಜಿನ ಪೆಟ್ಟಿಗೆಯ ಪಕ್ಕದ ಕಾರ್ಡಿನ ಫೋಟೊವನ್ನು ಯಾರೋ ತೆಗೆದು ವಾಟ್ಸ್‌ಆ್ಯಪಿಗೆ ಬಿಟ್ಟಿದ್ದರು. ಅದು ಊರೂರು ಸುತ್ತಿ ಆಕೆಯ ಮಗಳ ಫೋನಿಗೂ ಬಂದಿತ್ತು. ಮಗಳು ಓದಿ ಹೇಳಿದ್ದಳು. ನನಗೂ ಕಳಿಸಿದಳು. ಕಾರ್ಡಿನಲ್ಲಿ ಹೀಗಿತ್ತು: ‘ಚಿನ್ನದ ಕರ್ಣಾಭರಣ. ಜೋಡಿಯಲ್ಲಿ ಒಂದು. ಇನ್ನೊಂದು ಲಭ್ಯವಾಗಿಲ್ಲ.’

ನಾಳೆ ಮುಂಜಾನೆ ಮೊದಲ ಬಸ್ಸಿಗೆ ಬರುತ್ತೇನೆ, ನೀವೂ ಬರಬೇಕು, ಆವತ್ತು ಬರೆದುಕೊಂಡ ಆ ವಹಿ ತರಬೇಕು ಎಂದು ಆಕೆ ಹೇಳಿದರು. ಅದು ಕೋರಿಕೆಯಾಗಿರಲಿಲ್ಲ. ಕೋರಿಕೆಯಾಗಿ ಇರಬೇಕಾದ ಕಾರಣವೂ ಇರಲಿಲ್ಲ. ಜೋಡಿ ಎಂಬ ಮಾತನ್ನು ಮೊದಲು ಬರೆದವನು ನಾನು.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಸಿಕ್ಕ ದಿನದ ಸಂಗತಿಯನ್ನು ಆಕೆಯಿಂದ ಕೇಳಿದ್ದೇನೆ. ಜೊತೆಗಿದ್ದ ಇಬ್ಬರು ಹೆಂಗಸರಿಂದ ಬೇರೆ ಬೇರೆಯಾಗಿ ಕೇಳಿ ತಾಳೆ ನೋಡಿದ್ದೇನೆ.

ಟಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ದಾರಿಯಲ್ಲಿ ಒಂದು ದ್ರಾಕ್ಷಿ ತೋಟವಿದೆ. ತೋಟದ ಯಜಮಾನರು ಆ ಬೇಸಿಗೆಯಲ್ಲಿ ಬಳ್ಳಿಯ ಸಾಲುಗಳಿಗೆ ಹಾಳಮಣ್ಣು ಹಾಕಿಸುತ್ತಿದ್ದರು. ಎಂದೋ ಜನ ಬಿಟ್ಟುಹೋದ ಊರಿನ ದಿಬ್ಬದ ಬೂದಿಬಣ್ಣದ ಮಣ್ಣು ಅದು. ನಮ್ಮ ಕಡೆ ಅದನ್ನು ಗೊಬ್ಬರದಂತೆ ಹೊಲಕ್ಕೆ ಹೊಡೆಯುವುದು ಹಳೆಯ ರೂಢಿ. ಅದರಲ್ಲಿ ಗಡಿಗೆಯ ಚೂರು, ಎಲುಬು, ಕಲ್ಲು ಇರುವುದರಿಂದ ಹರವುವ ಹೆಂಗಸರು ಆರಿಸಿ ಬದುವಿಗೆ ಎಸೆಯುತ್ತಾರೆ. ಆ ದಿನ ಎಂಟು ಜನರ ಗುಂಪಿತ್ತು. ಗುಂಪಿನ ಮುಂದಾಳು ಈಕೆ. ದ್ರಾಕ್ಷಿ ಕೆಲಸದಲ್ಲಿ ಕೈ ಚುರುಕು. ಚಾಟ್ನಿಯ ಕಾಲಕ್ಕೆ, ಅಂದರೆ ಬಳ್ಳಿ ಸವರುವ ದಿನಗಳಲ್ಲಿ, ನಾಲ್ಕೂರಿನ ತೋಟದವರು ಆಕೆಗೆ ಮೊದಲು ಹೇಳಿಕಳಿಸುತ್ತಿದ್ದರು.

ಮಧ್ಯಾಹ್ನದ ಬುತ್ತಿ ಬಿಚ್ಚುವುದಕ್ಕೆ ಮುಂಚೆ ಆಕೆಯ ಬೆರಳಿಗೆ ಏನೋ ಸಿಕ್ಕಿತು. ಕಿರುಬೆರಳ ಉಗುರಿಗಿಂತ ತುಸು ದೊಡ್ಡ ಸುರುಳಿ. ಎರಡು ಸುತ್ತು, ತುದಿ ಚೂಪು. ಸೆರಗಿನಲ್ಲಿ ಒರೆಸಿದಾಗ ಹೊಳೆಯಿತು. ಬಂಗಾರಕ್ಕೆ ಮಣ್ಣು ಕಚ್ಚಿಕೊಳ್ಳುವುದಿಲ್ಲ, ಹಿತ್ತಾಳೆಗೆ ಕಚ್ಚಿಕೊಳ್ಳುತ್ತದೆ, ಅಷ್ಟರಿಂದಲೇ ತಿಳಿಯಿತು ಎಂದು ಆಕೆ ಹೇಳಿದ್ದರು. ಕೈಯೆತ್ತಿ ಎಲ್ಲರಿಗೂ ತೋರಿಸಿದರು. ತೋರಿಸಿದಾಗ ಆಡಿದ ಮಾತು ನಾನು ಕೇಳಿದ ಮೂವರಿಗೂ ನೆನಪಿದೆ: “ನಮ್ಮ ಮುತ್ಯಾನ ಕಿವ್ಯಾಗಿನ ಒಂಟಿ ಇದ್ದಂಗ ಐತಿ ನೋಡ್ರೆವ್ವಾ.”

ಒಂಟಿ ಎಂದರೆ ಪುಸ್ತಕದ ಕನ್ನಡದಲ್ಲಿ ಒಬ್ಬನೇ, ಒಂದೇ. ನಮ್ಮ ಸೀಮೆಯಲ್ಲಿ ಅದು ಒಡವೆಯ ಹೆಸರೂ ಹೌದು. ಗಂಡಸರು ಒಂದೇ ಕಿವಿಗೆ ಹಾಕಿಕೊಳ್ಳುವ ಸುತ್ತು. ನನ್ನ ಮುತ್ಯಾನಿಗೂ, ಅಂದರೆ ಅಜ್ಜನಿಗೂ, ಇತ್ತು. ಚಿಕ್ಕವನಿದ್ದಾಗ ಅವನ ತೊಡೆಯ ಮೇಲೆ ಕೂತು ಅದನ್ನು ತಿರುಗಿಸಿ ಬೈಸಿಕೊಂಡಿದ್ದೇನೆ. ಈ ಪದ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಅವಕಾಶ ನನಗಿಲ್ಲ.

ಯಜಮಾನರು ಬಂದು ನೋಡಿದರು, ಪಂಚಾಯತಿಗೆ ಹೇಳಿದರು. ತಾಲ್ಲೂಕಿನಿಂದ ಅಧಿಕಾರಿಗಳು ಬಂದು ಪಂಚನಾಮೆ ಬರೆದರು. ‘ಹಳದಿ ಲೋಹದ ಸುರುಳಿ, ಒಂದು’ ಎಂದು ಅದರಲ್ಲಿತ್ತು. ಈಕೆ ಹೆಬ್ಬೆಟ್ಟು ಒತ್ತಲಿಲ್ಲ. ನಾಲ್ಕನೆಯ ಇಯತ್ತೆವರೆಗೆ ಸಾಲಿಗೆ ಹೋಗಿದ್ದೇನೆ ಎಂದು ಪೆನ್ನು ಕೇಳಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಒಡವೆಯನ್ನು ಸರ್ಕಾರಕ್ಕೆ ಒಪ್ಪಿಸಿ, ಉಳಿದ ಅರ್ಧ ಸಾಲಿನ ಮಣ್ಣು ಹರವಿ, ಮನೆಗೆ ಹೋದರು.

ಆ ಸಂಜೆ ಟಿಕೋಟಾದ ನಮ್ಮ ವರದಿಗಾರ ಆಕೆಯ ಮನೆಯಿಂದಲೇ ನನಗೆ ಫೋನ್ ಮಾಡಿದ. ಸುದ್ದಿಯನ್ನು ಹೇಳಿ, ಫೋನನ್ನು ಆಕೆಯ ಕೈಗೆ ಕೊಟ್ಟ. ನಾನು ಕೇಳಿದೆ, ಆಕೆ ಹೇಳಿದರು, ನಾನು ಬರೆದುಕೊಂಡೆ. ಕಿವಿಯದೇ ಎಂದು ಹೇಗೆ ಹೇಳುತ್ತೀರಿ ಎಂದೆ. ಒಂಟಿ ಐತ್ರಿ, ಒಂಟಿ ಎಂದು ಎರಡು ಸಲ ಹೇಳಿದರು. ನನ್ನ ವಹಿಯಲ್ಲಿ ಎರಡು ಸಲವೂ ಇದೆ.

ಪುಟ ಮುಗಿಸುವ ಹೊತ್ತು ಹತ್ತಿರವಾಗಿತ್ತು. ಡೆಸ್ಕಿನಲ್ಲಿ, ಅಂದರೆ ಬಂದ ಸುದ್ದಿಯನ್ನು ತಿದ್ದುವ ಮೇಜಿನಲ್ಲಿ, ಕೂತವನಿಗೆ ಒಂದು ಚಟವಿರುತ್ತದೆ: ಊರಿನ ಮಾತನ್ನು ಪತ್ರಿಕೆಯ ಮಾತಿಗೆ ತಿದ್ದುವುದು. ಸಾಲಿಯನ್ನು ಶಾಲೆ ಮಾಡುತ್ತೇವೆ, ಮನಿಯನ್ನು ಮನೆ ಮಾಡುತ್ತೇವೆ. ‘ಚಿನ್ನದ ಒಂಟಿ ಪತ್ತೆ’ ಎಂದು ಬರೆದು ನೋಡಿದೆ. ಬೇರೆ ಜಿಲ್ಲೆಯ ಓದುಗನಿಗೆ ಒಂಟಿ ಏನು ಎಂದು ತಿಳಿಯುವುದಿಲ್ಲ ಅನಿಸಿತು. ‘ಒಂಟಿ ಓಲೆ’ ಎಂದರೆ ಇನ್ನೊಂದು ಎಲ್ಲಿ ಎಂದು ಕೇಳುತ್ತಾರೆ ಅನಿಸಿತು. ಕಿವಿಯ ಒಡವೆಯನ್ನು ನಮ್ಮ ಜನ ಎಣಿಸುವುದೇ ಜೋಡಿಯಲ್ಲಿ. ಅಕ್ಕಸಾಲಿಗರ ಅಂಗಡಿಯಲ್ಲಿ ಒಂದು ಜೋಡಿ ಝುಮಕಿ ಎನ್ನುತ್ತಾರೆ, ಎರಡು ಝುಮಕಿ ಎನ್ನುವುದಿಲ್ಲ. ಕೈ ತಾನಾಗಿ ಓಡಿತು. ‘ಟಿಕೋಟಾ ಬಳಿ ಚಿನ್ನದ ಜೋಡಿ ಓಲೆ ಪತ್ತೆ.’ ಇನ್ನೊಂದು ಎಲ್ಲಿ ಎಂದು ಯಾರೂ ಕೇಳಬಾರದೆಂದು ನಾನು ತಿದ್ದಿದೆ. ಮರುದಿನದಿಂದ ಎಲ್ಲರೂ ಅದನ್ನೇ ಕೇಳಿದರು.

ಲೆಕ್ಕ ಸರಳವಾಗಿತ್ತು. ಪತ್ರಿಕೆಯಲ್ಲಿ ಜೋಡಿ ಎಂದಿದೆ. ಪಂಚನಾಮೆಯಲ್ಲಿ ಒಂದು ಎಂದಿದೆ. ನಡುವೆ ಇದ್ದದ್ದು ಆಕೆಯ ಕೈ. ತೋರಿಸಿದ್ದು ಒಂದನ್ನು, ಮುಚ್ಚಿಟ್ಟದ್ದು ಇನ್ನೊಂದನ್ನು ಎಂದು ಜೊತೆಗಿದ್ದವರಲ್ಲೂ ಕೆಲವರು ಅಂದರು. ಠಾಣೆಯಿಂದ ಇಬ್ಬರು ಬಂದು ಕೇಳಿ ಹೋದರು. ಎರಡನೆಯ ಸಲ ಬಂದಾಗ ಒಲೆಯ ಪಕ್ಕದ ನೆಲ ಅಗೆಸಿದರು, ಜೋಳದ ಚೀಲ ಸುರುವಿದರು, ಗೋಡೆಯ ಮೇಲಿನ ಬುದ್ಧನ ಪಟ ತೆಗೆದು ಹಿಂದೆ ನೋಡಿದರು. ಏನೂ ಸಿಗಲಿಲ್ಲ. ಸಿಗಲಿಲ್ಲ ಎಂಬುದನ್ನು ಯಾರೂ ಎಲ್ಲಿಯೂ ಬರೆಯಲಿಲ್ಲ. ತೋಟದವರು ಆಕೆಗೆ ಹೇಳಿಕಳಿಸುವುದನ್ನು ನಿಲ್ಲಿಸಿದರು. ಕಳ್ಳಿ ಎಂದು ಯಾರೂ ಎದುರಿಗೆ ಅನ್ನಲಿಲ್ಲ. ಈ ಸಲ ಆಳು ಸಾಕಷ್ಟು ಅದಾವ ಎಂದಷ್ಟೇ ಹೇಳಿದರು.

ಹದಿನೈದು ದಿನದ ಮೇಲೆ ಆಕೆ ವಿಜಯಪುರದ ನಮ್ಮ ಕಚೇರಿಗೆ ಬಂದರು. ಪತ್ರಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಇಟ್ಟುಕೊಂಡಿದ್ದರು. ನನ್ನ ಮೇಜಿನ ಮುಂದೆ ಅದನ್ನು ಬಿಚ್ಚಿ, ಬೆರಳಿಟ್ಟು, ಈ ಜೋಡಿ ಅನ್ನುವುದನ್ನು ಯಾರು ಬರೆದದ್ದು ಎಂದು ಕೇಳಿದರು. ಇಂಥ ಪ್ರಶ್ನೆಗೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ. ಅದನ್ನೇ ಕೊಟ್ಟೆ. ಡೆಸ್ಕಿನಲ್ಲಿ ಆಗಿದೆ ಅಂದೆ.

“ಡೆಸ್ಕ್ ಅಂದ್ರ ಯಾರ್ರಿ? ಅದಕ್ಕ ಅವ್ವ-ಅಪ್ಪ ಹೆಸರ ಇಟ್ಟಿಲ್ಲೇನು?”

ಪಕ್ಕದ ಮೇಜಿನವರು ನಕ್ಕರು. ನಾನು, ನಾನೇ ಎಂದು ಹೇಳಿದೆ. ಫೋನಿನಲ್ಲಿ ಮಾತನಾಡಿದವನೂ ನಾನೇ ಎಂದೆ. ಆವತ್ತು ನಾನೇನು ಹೇಳಿದ್ದೆ ಎಂದು ಆಕೆ ಕೇಳಿದರು. ನಾನು ಸೇರಿದಾಗಿನಿಂದ ಒಂದು ವಹಿಯನ್ನೂ ಎಸೆದಿಲ್ಲ. ಕಪಾಟಿನಿಂದ ಆ ವಾರದ್ದನ್ನು ತೆಗೆದು, ಪುಟ ಹುಡುಕಿ, ಆಕೆಯ ಕಡೆ ತಿರುಗಿಸಿದೆ. ಕುರ್ಚಿ ತೋರಿಸಿದರೂ ಕೂರದೆ, ಬಗ್ಗಿ, ಅಕ್ಷರ ಅಕ್ಷರವಾಗಿ ಓದಿದರು.

“ಒಂ… ಟಿ. ಹಂಗಾರ ನಿಮಗ ಕೇಳಿಸೈತಿ.”

ಕೇಳಿಸದೆ ಬರೆದಿದ್ದರೆ ಅದು ತಪ್ಪು. ಕೇಳಿಸಿಯೂ ಹಾಗೆ ಬರೆದದ್ದಕ್ಕೆ ಬೇರೆ ಹೆಸರಿರಬೇಕು ಎಂದು ಆಕೆ ಹೇಳಲಿಲ್ಲ. ನಾನು ಆ ದಿನದಿಂದ ಹೇಳಿಕೊಳ್ಳುತ್ತಿದ್ದೇನೆ.

ತಿದ್ದುಪಡಿ ಹಾಕಿಸುತ್ತೇನೆ ಎಂದೆ. ಹಾಕಿಸಿದೆ. ನಮ್ಮಲ್ಲಿ ಸುದ್ದಿ ಒಂದನೆಯ ಪುಟದಲ್ಲಿ ತಪ್ಪಾದರೂ ತಿದ್ದುಪಡಿ ಬರುವುದು ಒಳಪುಟದ ಕೆಳಗೆ, ಹೆಸರು ಬದಲಾವಣೆಯ ಜಾಹೀರಾತುಗಳ ಪಕ್ಕ. ‘ಜೋಡಿ ಓಲೆ ಎಂದು ಪ್ರಕಟವಾಗಿರುವುದನ್ನು ಒಂದು ಓಲೆ ಎಂದು ಓದಿಕೊಳ್ಳಬೇಕು.’ ಅಷ್ಟೇ. ಯಾರ ತಪ್ಪು, ಹೇಗಾಯಿತು, ಯಾರಿಗೆ ಏನಾಯಿತು, ಏನೂ ಇರಲಿಲ್ಲ. ಇನ್ನೆರಡು ಸಾಲು ಸೇರಿಸಲು ಕೇಳಿದೆ. ಪದ್ಧತಿ ಇಲ್ಲ ಎಂದರು. ನಾನೂ ಆ ಪದ್ಧತಿಯನ್ನು ಕಿರಿಯರಿಗೆ ಕಲಿಸಿದವನೇ.

ಆ ತಿದ್ದುಪಡಿಯನ್ನು ಊರಿನಲ್ಲಿ ಓದಿದವರು ಕೆಲವೇ ಮಂದಿ. ಓದಿದವರು ಓದಿದ್ದು ಬೇರೆ. ವಿಜಯಪುರಕ್ಕೆ ಹೋಗಿ, ಪೇಪರಿನವರ ಕೈಕಾಲು ಹಿಡಿದು ಬದಲು ಮಾಡಿಸಿಕೊಂಡು ಬಂದಿದ್ದಾಳೆ. ಕದ್ದಿರದಿದ್ದರೆ ಅಷ್ಟು ದೂರ ಯಾಕೆ ಹೋಗಬೇಕಿತ್ತು? ಹೀಗೆ ನನ್ನ ತಿದ್ದುಪಡಿ ಆಕೆಯ ಮೇಲಿನ ಎರಡನೆಯ ಸಾಕ್ಷಿಯಾಯಿತು.

ಇದಾದ ಮೇಲೆ ಆಕೆ ಮಾಡಿದ ಒಂದು ಕೆಲಸವನ್ನು ನಾನು ಬಬಲೇಶ್ವರದ ಸಂತೆಯಲ್ಲಿ ಕಣ್ಣಾರೆ ನೋಡಿದೆ. ಒಣಮೆಣಸಿನಕಾಯಿ ಧಾರಣೆಯ ಸುದ್ದಿಗೆಂದು ಹೋಗಿದ್ದೆ. ಆಕೆ ಚೀಲ ಹಿಡಿದು ಬೆಳ್ಳುಳ್ಳಿ ಆರಿಸುತ್ತಿದ್ದರು. ಬಲಗಿವಿಯಲ್ಲಿ ಝುಮಕಿ ಇತ್ತು. ಎಡಗಿವಿ ಬರಿದು. ಬಿದ್ದುಹೋಗಿದೆ ಎಂದು ಹೇಳಬೇಕೆನ್ನುವಷ್ಟರಲ್ಲಿ ಬೆಳ್ಳುಳ್ಳಿ ಮಾರುತ್ತಿದ್ದ ಹೆಂಗಸೇ ಬಾಯಿ ತೆರೆದಳು. ಒಡವೆ ಸಿಕ್ಕ ದಿನ ಆ ಹೆಂಗಸೂ ಈಕೆಯ ಗುಂಪಿನಲ್ಲಿ ಇದ್ದವಳು.

“ಯಾಕ್ಬೇ, ಇನ್ನೊಂದ ಎಲ್ಲಿಟ್ಟಿ?”

“ಪೇಪರಿನ್ಯಾಗ ಐತಿ. ಹೋಗಿ ತಗೊಂಡ ಬಾ,” ಅಂದರು ಈಕೆ, ಬೆಳ್ಳುಳ್ಳಿಯಿಂದ ಕಣ್ಣೆತ್ತದೆ.

ಸುತ್ತಲಿನವರು ನಕ್ಕರು, ಯಾರ ಮೇಲೆ ಎಂದು ಹೇಳುವುದು ಕಷ್ಟವಾಗಿತ್ತು. ನನ್ನನ್ನು ಕಂಡಾಗ ಆಕೆ ತಾವಾಗಿಯೇ ಹೇಳಿದರು. ಠಾಣೆಯವರು ನೆಲ ಅಗೆದ ಮರುದಿನವೇ ಎಡಗಿವಿಯದನ್ನು ತೆಗೆದಿಟ್ಟದ್ದಂತೆ. ಇನ್ನೊಂದು ಎಲ್ಲಿ ಎಂದು ಬೆನ್ನ ಹಿಂದೆ ಕೇಳುವವರು ಎದುರಿಗೆ ಕೇಳಲಿ ಎಂದು. ಮದುವೆಗೆ, ಮಗಳ ಸೀಮಂತಕ್ಕೆ, ಬುದ್ಧವಿಹಾರದಲ್ಲಿ ವಂದನೆಗೆ ಕೂರುವಾಗ, ಎಲ್ಲ ಕಡೆಗೂ ಒಂದೇ ಕಿವಿಯಲ್ಲಿ ಹೋಗುತ್ತಿದ್ದರು. ಬೀಗರು ಮುಖ ಸಿಂಡರಿಸಿದರಂತೆ. ಮಗಳು ಅತ್ತಳಂತೆ. ಆಕೆ ಹಾಕಿಕೊಳ್ಳಲಿಲ್ಲ. ನಾನು ಆ ದಿನ ಆಕೆಯ ನಂಬರನ್ನು ಬರೆದುಕೊಂಡೆ. ಹೆಸರಿನ ಜಾಗದಲ್ಲಿ ‘ಒಂಟಿ’ ಎಂದು ಹಾಕಿದೆ. ಆ ಪದವನ್ನು ಮತ್ತೊಮ್ಮೆ ತಿದ್ದಬಾರದೆಂದು.

ನಾಲ್ಕು ವರ್ಷ ಆಕೆ ದ್ರಾಕ್ಷಿ ತೋಟಕ್ಕೆ ಹೋಗಲಿಲ್ಲ. ಭೂತನಾಳದ ಕಡೆ ಮನೆ ಕಟ್ಟುವಲ್ಲಿ ಕಲ್ಲು ಹೊತ್ತರು.

ಇನ್ನು ಪ್ರದರ್ಶನದ ದಿನ.

ಹಿಂದಿನ ಸಂಜೆ ನಮ್ಮ ಮುಖ್ಯಸ್ಥರಿಗೆ ಫೋನ್ ಮಾಡಿ, ತಪ್ಪು ನಮ್ಮದೆಂದು ಬರೆದುಕೊಡಲು ಹೋಗುತ್ತಿದ್ದೇನೆ ಎಂದು ತಿಳಿಸಿದ್ದೆ. ಬಾಯಿಮಾತಿನಲ್ಲಿ ಹೇಳಿದರೆ ಸಾಕು, ಬರಹದಲ್ಲಿ ಕೊಟ್ಟರೆ ಪತ್ರಿಕೆಯ ಮರ್ಯಾದೆಯ ಪ್ರಶ್ನೆ ಎಂದರು. ಬಾಯಿಮಾತು ಯಾವ ಕಡತಕ್ಕೂ ಹೋಗುವುದಿಲ್ಲ ಎಂದೆ. ಹಾಗಾದರೆ ನಿನ್ನ ಹೆಸರಿನಲ್ಲಿ ಕೊಡು, ನಮ್ಮ ಹೆಸರಿನಲ್ಲಿ ಬೇಡ ಎಂದರು. ನನಗೆ ಬೇಕಾಗಿದ್ದೂ ಅದೇ. ಡೆಸ್ಕಿಗೆ ಹೆಸರಿಟ್ಟಂತಾಯಿತು.

ಬೆಳಿಗ್ಗೆ ಒಂಬತ್ತಕ್ಕೆ ನಾನು ವಸ್ತುಸಂಗ್ರಹಾಲಯದ ಬಾಗಿಲಲ್ಲಿದ್ದೆ. ಚಪ್ಪರ, ಕುರ್ಚಿ, ಮೈಕು ಎಲ್ಲ ಸಿದ್ಧವಾಗುತ್ತಿದ್ದವು. ಆಕೆ ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಇಳಕಲ್ ಸೀರೆ, ಬಲಗಿವಿಯಲ್ಲಿ ಝುಮಕಿ.

ಅಲ್ಲಿನ ಅಧಿಕಾರಿ ತರುಣ, ದಕ್ಷಿಣದ ಜಿಲ್ಲೆಯವರು, ಹೊಸದಾಗಿ ಬಂದವರು. ಸಿಡುಕಲಿಲ್ಲ. ಕಡತ ತೆಗೆದು ತೋರಿಸಿದರು. ಪಂಚನಾಮೆಯ ನಕಲು ಇತ್ತು, ಒಂದು ಎಂದು. ಅದರ ಹಿಂದೆ ನನ್ನ ಸುದ್ದಿಯ ತುಣುಕು ಇತ್ತು, ಜೋಡಿ ಎಂದು. ಹಿಂದಿದ್ದವರು ಎರಡನ್ನೂ ಓದಿ, ಎರಡೂ ನಿಜವಿರಬೇಕೆಂದುಕೊಂಡು ಕಾರ್ಡಿನ ಮಾತು ಬರೆದಿದ್ದರು. ತಿದ್ದುಪಡಿ ಕಡತದಲ್ಲಿ ಇರಲಿಲ್ಲ. ತಿದ್ದುಪಡಿಯನ್ನು ಯಾರೂ ಕತ್ತರಿಸಿ ಇಟ್ಟುಕೊಳ್ಳುವುದಿಲ್ಲ.

ನಾನು ವಹಿ ತೋರಿಸಿದೆ. ಸಹಿ ಮಾಡಿ ತಂದಿದ್ದ ಹೇಳಿಕೆಯನ್ನು ಮೇಜಿನ ಮೇಲಿಟ್ಟೆ. ಅವರು ಎರಡನ್ನೂ ನಿಧಾನವಾಗಿ ಓದಿ, ಸರಿ, ಸಮಾರಂಭ ಮುಗಿಯಲಿ, ಆ ಎರಡು ವಾಕ್ಯವನ್ನು ತೆಗೆಸಿ ಹೊಸ ಕಾರ್ಡು ಹಾಕಿಸುತ್ತೇನೆ ಎಂದರು. ನನಗೆ ಅಷ್ಟು ಸಾಕು ಅನಿಸಿತು. ಎದ್ದು ನಿಂತೆ ಕೂಡ.

ಆಕೆ ಏಳಲಿಲ್ಲ.

“ಬರೇ ಅಳಿಸಿದ್ರ ನಾನ ಅಳಿಸಿಸೀನಿ ಅಂತಾರ್ರಿ,” ಅಂದರು. “ಹ್ವಾದ ಸಲಾನೂ ಹಂಗ ಅಂದಾರ. ಮೊದ್ಲ ಬರದಿದ್ದು ತಪ್ಪಿತ್ತು ಅಂತ ಬರೀರಿ. ಇವತ್ತ ಬರೀರಿ. ಇವತ್ತ ಮಂದಿ ಬರ್ತೈತಿ.”

ನಾಲ್ಕು ವರ್ಷದ ಹಿಂದೆ ನಾನು ಹಾಕಿಸಿದ ತಿದ್ದುಪಡಿಯಲ್ಲಿ ಏನು ಕೊರತೆಯಿತ್ತು ಎಂಬುದನ್ನು ಇಷ್ಟು ಸ್ಪಷ್ಟವಾಗಿ ನಮ್ಮ ವೃತ್ತಿಯ ಯಾರೂ ನನಗೆ ಹೇಳಿರಲಿಲ್ಲ. ಮತ್ತೆ ಕೂತೆ.

ಅಧಿಕಾರಿ ತಮ್ಮ ಕಷ್ಟ ಹೇಳಿದರು. ಕಾರ್ಡು ಇರುವುದು ವಸ್ತುವಿನ ಬಗ್ಗೆ. ಪತ್ರಿಕೆಯ ತಪ್ಪು, ಊರಿನ ಜಗಳ ಇವೆಲ್ಲ ಅದರಲ್ಲಿ ಬರುವುದಿಲ್ಲ. ನಾನು ಹೇಳಿದೆ: ‘ಇನ್ನೊಂದು ಲಭ್ಯವಾಗಿಲ್ಲ’ ಎಂಬುದು ವಸ್ತುವಿನ ಬಗ್ಗೆ ಬರೆದ ವಾಕ್ಯವಲ್ಲ, ಇವರ ಬಗ್ಗೆ ಬರೆದದ್ದು. ಜಗಳವನ್ನು ಕಾರ್ಡಿನ ಮೇಲೆ ತಂದವರು ನೀವು. ಅದಕ್ಕಿಂತ ಮೊದಲು ತಂದವನು ನಾನು. ಇಬ್ಬರೂ ಸೇರಿ ತೆಗೆಯೋಣ. ಅವರು ಗಡಿಯಾರ ನೋಡಿದರು. ಅತಿಥಿಗಳು ಬರುವ ಹೊತ್ತಾಯಿತು, ಆಮೇಲೆ ಮಾತಾಡೋಣ ಎಂದು ಹೊರಗೆ ಹೋದರು.

ಆಕೆ ಎದ್ದು, ಒಳಗಿನ ಕೋಣೆಗೆ ಹೋಗಿ, ಗಾಜಿನ ಪೆಟ್ಟಿಗೆಯ ಮುಂದೆ ನಿಂತರು. ಕಾರ್ಡು ಆಕೆಯ ಬೆನ್ನ ಹಿಂದಾಯಿತು. ಕಾವಲಿನವನು ಬಂದು, ಯವ್ವಾ ಈಚೆ ಸರಿ, ದೊಡ್ಡವರು ಬರ್ತಾರ ಎಂದ. ಬರಲಿ, ಅವರಿಗೇ ಹೇಳುವುದಿದೆ ಎಂದರು. ಅವನು ನನ್ನ ಮುಖ ನೋಡಿದ. ನಾನು ವೃತ್ತಿಯಲ್ಲಿ ಕಲಿತ ಮೊದಲ ಪಾಠ, ಸುದ್ದಿಗೆ ಹೋದವನು ಸುದ್ದಿಯಲ್ಲಿ ಕೈಹಾಕಬಾರದು ಎಂಬುದು. ಆದರೆ ಕೈಹಾಕಿ ನಾಲ್ಕು ವರ್ಷವಾಗಿತ್ತು. ಹೋಗಿ ಆಕೆಯ ಪಕ್ಕ ನಿಂತೆ.

ಹೊರಗೆ ಟೇಪು ಕತ್ತರಿಸಿದ ಚಪ್ಪಾಳೆ ಕೇಳಿತು. ಅತಿಥಿ ಒಳಗೆ ಬಂದರು; ಜಿಲ್ಲೆಯ ಹಿರಿಯ ರಾಜಕಾರಣಿ, ಹಿಂದೆ ಇಪ್ಪತ್ತು ಮಂದಿ, ಕ್ಯಾಮೆರಾಗಳು. ಪೆಟ್ಟಿಗೆಯ ಮುಂದೆ ಹೆಣ್ಣುಮಗಳೊಬ್ಬಳು ನಿಂತಿರುವುದನ್ನು ನೋಡಿ, ಏನವ್ವ, ಏನಾಗಬೇಕು ಎಂದು ಕೇಳಿದರು. ಅರ್ಜಿ ಎಂದುಕೊಂಡಿರಬೇಕು, ಕೈ ಮುಂದೆ ಚಾಚಿದರು.

“ಇದನ್ನ ಹುಡುಕಿದಾಕಿ ನಾನ್ರಿ,” ಅಂದರು ಆಕೆ. “ಒಂದ ಸಿಕ್ಕಿತ್ತು, ಒಂದ ಕೊಟ್ಟೀನಿ. ಇಲ್ಲಿ ಜೋಡಿ ಅಂತ ಬರದಾರ. ಅದು ತಪ್ಪ ಐತಿ ಅಂತ ಬರೆಯೂ ತನಕ ನಾ ಸರಿಯಂಗಿಲ್ಲ.”

ದನಿ ಏರಿಸಲಿಲ್ಲ. ತೋಟದಲ್ಲಿ, ಈ ಸಾಲು ಆಯ್ತು, ಮುಂದಿನದಕ್ಕೆ ನಡೀರಿ ಎಂದು ಹೇಳುವ ದನಿ ಅದು. ಅತಿಥಿ ಅಧಿಕಾರಿಯ ಕಡೆ ನೋಡಿದರು. ಅಧಿಕಾರಿ ನನ್ನ ಕಡೆ ನೋಡಿದರು. ತಪ್ಪು ಬರೆದವನು ನಾನು, ಇಲ್ಲಿದೆ ನನ್ನ ಸಹಿ ಎಂದು ಕಾಗದ ಮುಂದೆ ಹಿಡಿದೆ. ಅತಿಥಿ ಅದನ್ನು ಅರ್ಧ ಓದಿದರು. ಬಬಲೇಶ್ವರದಲ್ಲಿ ಅವರಿಗೆ ಇನ್ನೊಂದು ಕಾರ್ಯಕ್ರಮವಿತ್ತು. ಖರೇ ಇದ್ದದ್ದನ್ನು ಬರೆಯಲು ಯಾರಪ್ಪನ ಅಪ್ಪಣೆ ಬೇಕು ಎಂದು ಅಧಿಕಾರಿಗೆ ಹೇಳಿ, ಅಲ್ಲೇ ಗೋಡೆಗೆ ಒರಗಿ ನಿಂತರು. ಅವರು ನಿಂತದ್ದು ನ್ಯಾಯಕ್ಕೋ ಕ್ಯಾಮೆರಾಗಳಿಗೋ ನಾನು ನಿರ್ಣಯಿಸಲಾರೆ. ನಿಂತರು ಎಂಬುದಷ್ಟೇ ದಾಖಲೆ.

ಅಧಿಕಾರಿ ಬಿಳಿ ಹಾಳೆ, ದಪ್ಪ ಪೆನ್ನು ತರಿಸಿದರು. ಏನು ಬರೆಯಲಿ ಎಂದು ನನ್ನನ್ನು ಕೇಳಿದರು. ನನ್ನ ಬಾಯಿಗೆ ‘ಕರ್ಣಾಭರಣ’ ಬಂದಿತ್ತು. ನುಂಗಿಕೊಂಡು ಆಕೆಯ ಕಡೆ ಕೈ ತೋರಿಸಿದೆ.

ಒಂಟಿ ಅಂತ ಬರೆಯಿರಿ ಎಂದರು ಆಕೆ. ಒಂಟಿ ಎಂದರೆ ಒಂದೇ ಎಂದರ್ಥವೇ ಎಂದು ಅಧಿಕಾರಿ ಕೇಳಿದರು. ಆಕೆ ತಮ್ಮ ಬರಿಗಿವಿಯನ್ನು ಹಿಡಿದು ತೋರಿಸಿ, ಮುತ್ಯಾನ ಕಾಲದ ಗಂಡಸರು ಒಂದು ಕಿವಿಗೆ ಹಾಕಿಕೊಳ್ಳುತ್ತಿದ್ದ ಒಡವೆ, ಅದಕ್ಕೆ ಜೋಡಿ ಎಂಬುದೇ ಇರುವುದಿಲ್ಲ ಎಂದು ತಿಳಿಸಿದರು. ಹಿಂದೆ ನಿಂತವರಲ್ಲಿ ಮೂರ್ನಾಲ್ಕು ಮುದುಕರು ಹೌದು ಹೌದು ಎಂದರು. ಆ ಕಾಲದ ಜನ ಒಂದು ಕಿವಿಗೆ ಹಾಕುತ್ತಿದ್ದರೋ ಎರಡಕ್ಕೋ ಯಾರಿಗೂ ಗೊತ್ತಿಲ್ಲ, ಅದನ್ನು ಬರೆಯುವುದು ಬೇಡ ಎಂದು ನಾನು ಹೇಳಿದೆ. ಗೊತ್ತಿಲ್ಲದ್ದನ್ನು ಸೇರಿಸಿ ಒಮ್ಮೆ ಅನುಭವಿಸಿಯಾಗಿತ್ತು. ಆಕೆಯೂ ತಲೆಯಾಡಿಸಿದರು.

ಹಾಳೆಯ ಮೇಲೆ ಬಂದದ್ದು ಇಷ್ಟು: ‘ಚಿನ್ನದ ಒಂಟಿ. ಹಾಳಮಣ್ಣು ಹರವುವಾಗ ಕಂಡು ಸರ್ಕಾರಕ್ಕೆ ಒಪ್ಪಿಸಿದವರು’ ಎಂದು ಬರೆದು ಆಕೆಯ ಹೆಸರು, ಊರು. ಕೆಳಗೆ: ‘ದೊರೆತದ್ದು ಒಂದೇ. ಜೋಡಿ ಎಂದು ಪತ್ರಿಕೆಯಲ್ಲಿ ಬಂದದ್ದು ತಪ್ಪು.’ ಆಕೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನೀವು ಬರೆಯುವಲ್ಲಿ ನನ್ನ ಹೆಸರು ಒಮ್ಮೆ ಬಂದದ್ದೇ ಸಾಕು ಎಂದು ಆಕೆ ಹೇಳಿದ್ದಾರೆ. ಬೇಕಾದವರು ಹೋಗಿ ಕಾರ್ಡಿನಲ್ಲಿ ಓದಬಹುದು.

ಹಾಳೆಯನ್ನು ಹಳೆಯ ಕಾರ್ಡಿನ ಮೇಲೆ ಅಂಟಿಸಿದ ಮೇಲೆ ಆಕೆ ಅಕ್ಷರ ಕೂಡಿಸಿ ಓದಿದರು. ‘ತಪ್ಪು’ ಎಂಬಲ್ಲಿ ಬೆರಳಿಟ್ಟು ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದರು. ಅತಿಥಿ ಒಡವೆಯನ್ನು ನೋಡಿದರು. ಇಷ್ಟ ಸಣ್ಣದೇನಿದು ಎಂದರು.

ಮರುದಿನ ಸಮಾರಂಭದ ಸುದ್ದಿಯನ್ನು ಬೇರೆಯವರು ಬರೆದರು. ನಾನು ಒಂದು ಪದವನ್ನೂ ಮುಟ್ಟಲಿಲ್ಲ. ಶೀರ್ಷಿಕೆಯಲ್ಲಿ ‘ಚಿನ್ನದ ಒಂಟಿ’ ಎಂದಿತ್ತು. ಒಂಟಿ ಎಂದರೇನು ಎಂದು ಕೇಳಿ ಹೊರ ಜಿಲ್ಲೆಗಳಿಂದ ಓದುಗರ ಫೋನ್ ಬಂದವು. ಹೇಳಿದೆ. ಕೇಳಿದರೆ ಹೇಳಬಹುದಾದಷ್ಟು ಸುಲಭದ ಕೆಲಸ ಅದು. ನಾಲ್ಕು ವರ್ಷದ ಹಿಂದೆಯೂ ಅಷ್ಟೇ ಸುಲಭವಿತ್ತು.

ಅಚ್ಚಾದ ಕಾರ್ಡು ಬರಲು ಕೆಲವು ದಿನ ಹಿಡಿಯಿತು. ಬಂದ ಮೇಲಿನ ಭಾನುವಾರ ಕೊನೆಯ ಸಾಲು ಉಳಿದಿದೆಯೋ ಇಲ್ಲವೋ ಎಂದು ನೋಡಲು ಹೋದೆ. ಉಳಿದಿತ್ತು. ನಾನು ಹೊರಡುವಷ್ಟರಲ್ಲಿ ಆಕೆ ಒಳಗೆ ಬಂದರು. ಹಿಂದೆ ಏಳು ಹೆಂಗಸರು, ಆವತ್ತಿನ ಪೂರ್ತಿ ಗುಂಪು. ಬೆಳ್ಳುಳ್ಳಿ ಮಾರುವವಳೂ ಇದ್ದಳು. ಬಸ್ಸಿನಲ್ಲಿ ಕರೆತಂದಿದ್ದರು. ಬರುವುದಿಲ್ಲ ಎಂದವರ ಮನೆ ಬಾಗಿಲಿಗೆ ಹೋಗಿ, ನಾ ಕದ್ದೀನಿ ಅಂದಾವ್ರು ಬರಾಕ ಬೇಕು ಎಂದು ಎಬ್ಬಿಸಿಕೊಂಡು ಬಂದದ್ದಂತೆ.

ಒಡವೆಯನ್ನು ನೋಡಲು ಎಲ್ಲರೂ ಬಗ್ಗಿದರು. ಆಕೆ ಬೇಡ ಎಂದು ಕಾರ್ಡಿನ ಕಡೆ ತೋರಿಸಿದರು. ಅದನ್ನು ಆವತ್ತೇ ನೋಡಿದ್ದೀರಿ, ಇದನ್ನು ಓದಿ ಎಂದರು. ಅವರಲ್ಲಿ ಚೆನ್ನಾಗಿ ಓದಲು ಬರುತ್ತಿದ್ದುದು ಬೆಳ್ಳುಳ್ಳಿಯವಳಿಗೆ ಮಾತ್ರ. ಅವಳು ಗಟ್ಟಿಯಾಗಿ ಓದಿದಳು. ಕೊನೆಯ ಸಾಲಿಗೆ ಬಂದಾಗ ದನಿ ಇಳಿಸಿದಳು. ಈಕೆ, ಕೇಳಿಸಲಿಲ್ಲ, ಇನ್ನೊಮ್ಮೆ ಎಂದರು. ಅವಳು ಇನ್ನೊಮ್ಮೆ ಓದಿದಳು. ಅಕ್ಟೋಬರಿನ ಚಾಟ್ನಿಗೆ ಯಜಮಾನರು ಗುಂಪು ಕೇಳಿದ್ದಾರೆ, ನೀನೇ ಮುಂದಾಳಾಗಬೇಕಂತೆ ಎಂದು ಒಬ್ಬಳು ನೆಲ ನೋಡುತ್ತ ಹೇಳಿದಳು. ಯಜಮಾನರು ತಾವೇ ಬಂದು ಹೇಳಲಿ, ದಾರಿ ಅವರಿಗೆ ಗೊತ್ತಿದೆ ಎಂದರು ಈಕೆ.

ಬೆಳ್ಳುಳ್ಳಿಯವಳು ಆಕೆಯ ಎಡಗಿವಿಯ ಕಡೆ ಕೈ ಚಾಚಿದಳು.

“ಈಗರ ಇನ್ನೊಂದ ಹಾಕ್ಕೋಬೇ, ಯಕ್ಕಾ.”

“ಹಾಕ್ಕೊಂಡ್ರ ನೀವು ಮರೀತೀರಿ,” ಅಂದರು ಆಕೆ. ಟಿಕೋಟಾದ ಬಸ್ಸಿಗೆ ಹೊತ್ತಾಯಿತು ನಡೀರಿ ಎಂದು ಏಳೂ ಜನರನ್ನು ಮುಂದೆ ಬಿಟ್ಟುಕೊಂಡು ಮೆಟ್ಟಿಲಿಳಿದರು.